ಲಕ್ವ ಬೆನ್ನುಹುರಿಗೂ ಹೊಡೆಯುತ್ತದೆ



ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಲಕ್ವ ಎಂದು ಈಗ ಹಳ್ಳಿಯವರಿಗೂ ಗೊತ್ತು. ಆದರೆ ಬೆನ್ನುಹುರಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಇವೆರಡೂ ಆಗುವುದಿಲ್ಲ. ದಿಢೀರನೆ ಬೆನ್ನಿನಲ್ಲೋ ಕುತ್ತಿಗೆಯಲ್ಲೋ ನೋವು, ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಸಾಮಾನ್ಯವಾಗಿ ಎರಡೂ ಕಾಲು ಸೋತು, ಮೂತ್ರ ಕಟ್ಟುತ್ತದೆ. ಮುಟ್ಟಿದ್ದು ತಿಳಿದರೂ ಬಿಸಿ, ತಂಪು, ಸೂಜಿ ಚುಚ್ಚಿದ್ದು ತಿಳಿಯದಿರಬಹುದು. ಒಟ್ಟು ಪಾರ್ಶ್ವವಾಯುವಿನಲ್ಲಿ ಇದರ ಪಾಲು ಶೇ 1ರ ಆಸುಪಾಸು. ಅಪರೂಪವೆಂದೇ ‘ನರ ಹಿಡಿದಿದೆ’ ಎಂದು ಎಣ್ಣೆ ತಿಕ್ಕಿಸಿ ಹೊತ್ತು ಕಳೆಯುವುದುಂಟು. ಅದು ಎಂಆರ್‌ಐಗೆ ಓಡಬೇಕಾದ ಹೊತ್ತು.

ಸಿರುಗುಪ್ಪ, ಕುರುಗೋಡು ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ನಮ್ಮ ಬಳ್ಳಾರಿ ಕಂಟೋನ್ಮೆಂಟ್‌ನ ವಿಮ್ಸ್ (ಹೆಸರು ಬಿಎಂಸಿಆರ್‌ಸಿ ಆದರೂ ಜನರ ಬಾಯಲ್ಲಿ ವಿಮ್ಸೇ). ಅಲ್ಲಿಂದ ಮನೆಗೆ ಮರಳಿದ ಮೇಲಿನ ಬದುಕೇ ಕಠಿಣ. ಮೂತ್ರದ ನಳಿಕೆಗೆ ಸೋಂಕು ತಗಲದಂತೆ ನೋಡಬೇಕು, ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಿಸಿ ತಿಳಿಯದ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟರೆ ಬೊಬ್ಬೆ ಏಳುವುದೂ ತಿಳಿಯದು! ತಿಂಗಳುಗಟ್ಟಲೆ ಫಿಸಿಯೊಥೆರಪಿ ಮಾಡಿಸಿದರೆ ಹಲವರು ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಈ ಆರೈಕೆಯನ್ನು ಮನೆಯವರಿಗೆ ಕಲಿಸಲು ಎರಡೂ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವನ್ನಾದರೂ ಆರೋಗ್ಯ ಇಲಾಖೆ ಮೀಸಲಿಡಲಿ.

– ಓದುಗ, ಕಂಟೋನ್ಮೆಂಟ್, ಬಳ್ಳಾರಿ