ತಾಯಿಯ ಹೆರಿಗೆಯ ಕಥೆಯನ್ನೂ ಕೇಳಿ

ಗರ್ಭಿಣಿಯ ಕಾರ್ಡ್ ತುಂಬುವಾಗ ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ ಇದೆಯೇ ಎಂದು ತಪ್ಪದೆ ಕೇಳುತ್ತಾರೆ. ತಾಯಿಗೋ ಅಕ್ಕನಿಗೋ ಹೆರಿಗೆಯಲ್ಲಿ ಆಳವಾಗಿ ಹರಿದಿತ್ತೇ ಎಂದು ಕೇಳುವವರು ಅಪರೂಪ. ಕೇಳಬೇಕು.

ಚೊಚ್ಚಲ ಹೆರಿಗೆಯಲ್ಲಿ ಯೋನಿಯ ಬುಡ ಸ್ವಲ್ಪ ಹರಿಯುವುದು ಸಾಮಾನ್ಯ. ನಾಲ್ಕು ಹೊಲಿಗೆ ಹಾಕಿದರೆ ಮಾಯುತ್ತದೆ. ಗಾಯ ಗುದದ್ವಾರದ ಸ್ನಾಯುವಿಗೆ ತಗುಲಿದರೆ ಅದು ಮೂರನೇ ದರ್ಜೆ. ಒಳಪದರವೂ ಸೀಳಿದರೆ ನಾಲ್ಕನೆಯದು. ಇವನ್ನು ಗುರುತಿಸದೆ ಬಿಟ್ಟರೆ ಗಾಳಿ, ಮಲ ತಡೆಯಲಾಗದ ಪಾಡು ವರ್ಷಗಟ್ಟಲೆ ಕಾಡಬಹುದು. ನಾಚಿಕೆಯಿಂದ ಹೆಂಗಸರು ಅದನ್ನು ಗಂಡನಿಗೂ ಹೇಳುವುದಿಲ್ಲ.

ತಾಯಿ ಅಥವಾ ಅಕ್ಕತಂಗಿಗೆ ಇಂಥ ಆಳದ ಗಾಯವಾಗಿದ್ದರೆ ಗರ್ಭಿಣಿಗೂ ಅದರ ಅಪಾಯ ಹೆಚ್ಚೆಂದು ನಾರ್ವೆಯ ಜನನ ದಾಖಲೆಗಳು ತೋರಿಸಿವೆ. ಅಂಗಾಂಶಕ್ಕೆ ಬಲ ಕೊಡುವ ಕೊಲಾಜನ್ ತಯಾರಿಸುವ ಜೀನ್‌ಗಳ ಮೇಲೆ ಸಂಶೋಧಕರಿಗೆ ಅನುಮಾನವಿದೆ. ಆದರೆ ರಕ್ತ ಪರೀಕ್ಷೆ ಮಾಡಿ ಮೊದಲೇ ಹೇಳುವಷ್ಟು ಖಚಿತ ಜ್ಞಾನ ಇನ್ನೂ ಬಂದಿಲ್ಲ. ಸದ್ಯಕ್ಕೆ ಮನೆತನದ ನೆನಪೇ ಪರೀಕ್ಷೆ.

ತಾಯಿಯ ಮೈಯ ಲೆಕ್ಕ ಮಕ್ಕಳಿಗೆ ಹೇಗೆ ಇಳಿಯುತ್ತದೆಂದು ನಮ್ಮ ಪುಣೆಗೆ ಹೊಸದಾಗಿ ಹೇಳಬೇಕಿಲ್ಲ. ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಅವರ ತಂಡ 1993ರಲ್ಲಿ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನು ಹಿಂಬಾಲಿಸಲು ಆರಂಭಿಸಿತು. ಹುಟ್ಟಿದಾಗ ತೂಕ ಕಡಿಮೆ ಇದ್ದರೂ ಕೊಬ್ಬು ಹೆಚ್ಚಿದ್ದ ಕೂಸುಗಳನ್ನು ಜಗತ್ತಿಗೆ ತೋರಿಸಿದ್ದು ಆ ಅಧ್ಯಯನ. ಆಗ ಹುಟ್ಟಿದ ಹೆಣ್ಣುಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಅವರೇ ಹೆರುವ ವಯಸ್ಸಿನವರು. ಶುಗರ್‌ಗೆ ಸಲ್ಲುವ ಗಮನ ಈ ಗಾಯಕ್ಕೂ ಸಲ್ಲಬೇಡವೇ?

ಹಾಗೆಂದು ಎಲ್ಲದಕ್ಕೂ ವಂಶದ ಮೇಲೆ ಗೂಬೆ ಕೂರಿಸಬಾರದು. ಬ್ರಿಟನ್ನಿನ ವೈದ್ಯರು ಏಷ್ಯಾ ಮೂಲವನ್ನೇ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಏಷ್ಯಾದಲ್ಲೇ ಹೆರುವವರಲ್ಲಿ ಅದೇ ಹೆಚ್ಚಳ ಸ್ಪಷ್ಟವಾಗಿ ಕಂಡಿಲ್ಲ. ಹೆರಿಗೆ ಮಾಡಿಸುವ ರೀತಿ ಬೇರೆ ಇರಬಹುದು, ಇಲ್ಲಿ ಸರಿಯಾಗಿ ನೋಡದೆಯೂ ಇರಬಹುದು. ಜೀನ್ ಒಂದೇ ಕಾರಣವಾಗಿದ್ದರೆ ವಿಮಾನ ಹತ್ತಿದ ಮಾತ್ರಕ್ಕೆ ಅಪಾಯ ಏರಬೇಕಿರಲಿಲ್ಲ. ಚಿಮ್ಮಟ ಹಾಕಿ ಎಳೆಯುವುದು, ಮಗು ದೊಡ್ಡದಿರುವುದು, ಮೊದಲ ಹೆರಿಗೆ ಇವೂ ಪ್ರಬಲ ಕಾರಣಗಳೇ.

ತಡೆಯುವ ದಾರಿಗಳೂ ದುಬಾರಿಯಲ್ಲ. ತಲೆ ಹೊರಬರುವಾಗ ಬೆಚ್ಚನೆಯ ಬಟ್ಟೆ ಒತ್ತಿ ಹಿಡಿದರೆ ತೀವ್ರ ಸೀಳು ಕಡಿಮೆಯಾಗುತ್ತದೆ. ಎಲ್ಲರಿಗೂ ಕತ್ತರಿ ಹಾಕುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಬೇಡವೆಂದಿದೆ. ಹೆರಿಗೆಯಾದ ಮೇಲೆ ಬೆರಳಿಟ್ಟು ಸ್ನಾಯು ಪರೀಕ್ಷಿಸಲು ಒಂದೆರಡು ನಿಮಿಷ ಸಾಕು.

ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದು. ತಾಯಿ ಲೇಬರ್ ವಾರ್ಡಿನ ಹೊರಗೇ ಕೂತಿರುತ್ತಾಳೆ, ಕೇಳಿದರೆ ಹೇಳುತ್ತಾಳೆ. ಕೂಲಿಗಾಗಿ ಕಲಬುರಗಿ, ವಿಜಯಪುರದಿಂದ ಪುಣೆಗೆ ಬಂದು ಇಲ್ಲೇ ಹೆರುವವಳಿಗೆ ಆ ಅನುಕೂಲವಿಲ್ಲ, ಭಾಷೆಯೂ ತೊಡಕು. ಆಕೆಗಾಗಿ ತವರಿಗೊಂದು ಫೋನ್ ಮಾಡಿಸಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಎಷ್ಟು ಹೊಲಿಗೆ ಎಂದಲ್ಲ, ಯಾವ ದರ್ಜೆಯ ಗಾಯ ಎಂದು ಬರೆಯುವುದು ಕಡ್ಡಾಯವಾಗಲಿ.