ಎಂಜಿನ್ನಿಗೆ ಬೋರ್ಡು, ಬೂದಿ ಬಾಚಿದವನಿಗೆ ಏನು?

ಹಳೇ ಉಗಿ ಎಂಜಿನ್ನುಗಳ ಮೇಲೆ ದೊಡ್ಡವರಿಗೆ ಅಕ್ಕರೆ ಉಕ್ಕಿದೆ. ಮೈಸೂರಿನಲ್ಲಿ 1979ರಲ್ಲೇ ರೈಲ್ವೆ ಮ್ಯೂಸಿಯಂ ಆಗಿತ್ತು, 2020ರಲ್ಲಿ ಹುಬ್ಬಳ್ಳಿಗೂ ಒಂದು ಬಂತು. ಬಣ್ಣ ಬಳಿದು, ಹಿತ್ತಾಳೆ ತಿಕ್ಕಿ, ಯಾವ ಕಂಪನಿ ಯಾವ ಇಸವಿಯಲ್ಲಿ ಮಾಡಿದ್ದೆಂದು ಬೋರ್ಡು ಬರೆದು ನಿಲ್ಲಿಸುತ್ತಾರೆ. ನಿಲ್ಲಿಸಲಿ, ನಮ್ಮ ತಕರಾರೇನೂ ಇಲ್ಲ. ಗದಗ ಜಂಕ್ಷನ್ನಿನ ಮೀಟರ್‌ಗೇಜ್ ಗಾಡಿಯ ಸಿಳ್ಳು ಕೇಳಿ ಬೆಳೆದವರು ನಾವೂ ಹೌದು. ಹೊಗಿ ಕಂಡರ ಓಡಿ ಹೋಗಿ ನಿಂದರತಿದ್ವಿ. ಆದರ ಆ ಎಂಜಿನ್ನಿನ ಬಾಯಿಗೆ ಸಲಿಕೆಯಿಂದ ಕಲ್ಲಿದ್ದಲು ಹಾಕಿದವನ ಹೆಸರು ಯಾವ ಬೋರ್ಡಿನ ಮ್ಯಾಲೈತಿ?

ಪ್ಯಾಸೆಂಜರ್ ಗಾಡಿಯನ್ನಾದರೂ ಊರು ನೋಡುತ್ತಿತ್ತು. ಕಾರ್ಖಾನೆಯ ಕಾಂಪೌಂಡಿನೊಳಗೆ, ಗಣಿ-ಕ್ವಾರಿಗಳ ಹಾದಿಯಲ್ಲಿ ದುಡಿದ ಸಣ್ಣ ಎಂಜಿನ್ನುಗಳದ್ದು ಬೇರೆ ಕಥೆ. ನಮ್ಮ ನಾಡಿನಲ್ಲಿ ಅದಕ್ಕೆ ದೊಡ್ಡ ಸಾಕ್ಷಿ ಭದ್ರಾವತಿ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆ ಉರಿಯತೊಡಗಿದಾಗ ಕುಲುಮೆಗೆ ಬೇಕಾದದ್ದು ಇದ್ದಲು, ಇದ್ದಲಿಗೆ ಬೇಕಾದದ್ದು ಕಾಡು. ಹಾಗಾಗಿ ಕಾಡಿನೊಳಗೆ ಎರಡು ಅಡಿ ಅಗಲದ ಟ್ರಾಮ್ ಹಳಿ ಹಾಸಿದರು. ಅದಿರು ಕೆಮ್ಮಣ್ಣುಗುಂಡಿಯದು, ಸುಣ್ಣದಕಲ್ಲು ಭಂಡಿಗುಡ್ಡದ್ದು. 1930ರ ದಶಕದ ಕೊನೆಗೆ ಅದೇ ಕಾರ್ಖಾನೆಗೆ ಸಿಮೆಂಟಿನ ಘಟಕವೂ ಸೇರಿತು. ನಾಡು ಕಟ್ಟಿದೆವು ಎಂದು ಪಠ್ಯಪುಸ್ತಕಗಳು ಬರೆದುಕೊಂಡವು.

ಉಗಿ ಎಂಜಿನ್ನು ಸ್ವಿಚ್ ಒತ್ತಿದರೆ ಹೊರಡುವ ಸರಕಲ್ಲ. ಬೆಳಗಿನ ಗಾಡಿಗೆ ನಸುಕಿಗಿಂತ ಮೊದಲೇ ಒಬ್ಬ ಎದ್ದು ಬೆಂಕಿ ಮಾಡಬೇಕು, ನೀರು ತುಂಬಬೇಕು, ತಾಸುಗಟ್ಟಲೆ ಕಾದು ಉಗಿ ಏರಿಸಬೇಕು. ಸಂಜೆ ಗಾಡಿ ನಿಂತ ಮೇಲೂ ಅವನ ಕೆಲಸ ಮುಗಿಯುವುದಿಲ್ಲ: ಬೂದಿ ಬಾಚಬೇಕು, ಕೊಳವೆಗಳ ಮಸಿ ತೆಗೆಯಬೇಕು, ಬಾಯ್ಲರಿನೊಳಗೆ ಕಟ್ಟಿದ ಗಟ್ಟಿ ಪದರು ತೊಳೆದು ಕೆರೆಯಬೇಕು. ಒಲೆಯ ಜಾಲರಿಗೆ ಕರಗಿ ಅಂಟಿದ ಬೂದಿಗಟ್ಟಿಗೆ ಕ್ಲಿಂಕರ್ ಅನ್ನುತ್ತಾರೆ. ಸಿಮೆಂಟಿನ ಗೂಡಿನಲ್ಲಿ ಸುಮಾರು 1,450 ಡಿಗ್ರಿಯಲ್ಲಿ ಬೆಂದು ಬೀಳುವ ಉಂಡೆಗೂ ಅದೇ ಹೆಸರು. ಎರಡರ ಹತ್ತಿರವೂ ನಿಂತವನ ಎದೆಯೊಳಗೆ ಏನು ಗಟ್ಟಿಯಾಯಿತೋ ಅದಕ್ಕೆ ಹೆಸರಿಡುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ.

ಇಲ್ಲಿ ಒಂದು ಹಳೇ ಜಗಳ ತೆಗೆಯಲೇಬೇಕು. 1918ರಲ್ಲಿ ಮೈಸೂರು ಸಂಸ್ಥಾನದ ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ಮಾತೆದ್ದು ಮಿಲ್ಲರ್ ಸಮಿತಿ ಕೂತಿತು. ಯೋಗ್ಯತೆಗೆ ಧಕ್ಕೆ ಬರುತ್ತದೆಂದು ಒಪ್ಪದ ದಿವಾನ ವಿಶ್ವೇಶ್ವರಯ್ಯನವರು ಅದೇ ವರ್ಷ ಹುದ್ದೆ ಬಿಟ್ಟರು. ಮುಂದೆ 1923ರಿಂದ ಭದ್ರಾವತಿ ಕಾರ್ಖಾನೆಯ ಮಂಡಳಿಗೆ ಅವರೇ ಅಧ್ಯಕ್ಷರು. ಅವರ ಶಿಸ್ತು, ಲೆಕ್ಕ ದೊಡ್ಡದೇ, ಅಲ್ಲಗಳೆಯುವುದಿಲ್ಲ. ಆದರೆ ಕೇಳುತ್ತೇವೆ: ಸುತ್ತಿಗೆಯ ದನಿಯಿಂದಲೇ ಬಂಡೆ ಯಾವ ಕಡೆ ಸೀಳುತ್ತದೆಂದು ಹೇಳುವ ವಡ್ಡರ ಮುದುಕನದು ಯೋಗ್ಯತೆ ಅಲ್ಲವೇ? ಹೊಗೆಯ ಬಣ್ಣ ನೋಡಿ ಬೆಂಕಿಯ ಹದ ತಿಳಿಯುವ ಫೈರ್‌ಮನ್ನನದು? ಕಲ್ಲು ಒಡೆಯುವಾಗ ಯಾರೂ ಸರ್ಟಿಫಿಕೇಟ್ ಕೇಳಂಗಿಲ್ಲ, ಕುರ್ಚಿ ಹಂಚುವಾಗ ಮಾತ್ರ ಕೇಳತಾರ.

ಎಂಜಿನ್ನುಗಳು ಹೋದವು. ಡೀಸೆಲ್ ಬಂತು, ಟಿಪ್ಪರು ಬಂತು, ಅದರ ಹಿಂದೆ ಗುತ್ತಿಗೆದಾರನೂ ಬಂದ. ಗುತ್ತಿಗೆ ಕಾರ್ಮಿಕ ಪದ್ಧತಿ ನಿಯಂತ್ರಿಸಿ ರದ್ದು ಮಾಡುವ ಕಾನೂನು 1970ರದು. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕೂತವರು ಯಾರು? ಗುತ್ತಿಗೆ ಕಾರ್ಮಿಕರು. ಸರಿಯಾಗಿ ನೂರು ವರ್ಷ ಆಗಿತ್ತು.

ಇನ್ನು ನಮ್ಮ ಸೀಮೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ರೈಲಿನ ಹಳಿ ಕಾಣದ ಊರುಗಳು. ಕಲ್ಲಿನ ಲಾರಿಗೆ ಮಾತ್ರ ದಾರಿ ಲಗೂನ ಆಗತೈತಿ! 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಭೂಮಿಗೆ ಪೋಸ್ಕೋ ಉಕ್ಕಿನ ಕಂಪನಿ ಬರಲಿದ್ದಾಗ ರೈತರು ಎದ್ದು ತಡೆದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಈ ಗೆಲುವುಗಳು ನಮ್ಮವೂ ಹೌದು. ಆದರೂ ಮನಸ್ಸಿಗೆ ಚುಚ್ಚುವ ಮಾತೊಂದಿದೆ: ಭೂಮಿ ಇದ್ದವನ ಭೂಮಿ ಉಳಿಯಿತು, ಮೊದಲೇ ಭೂಮಿ ಇಲ್ಲದವ ಮತ್ತೆ ಕಲ್ಲಿಗೇ ಹೋದ, ಇಲ್ಲಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋದ. ನಮ್ಮ ಚಳವಳಿಯೂ ಅವನ ಗುಡಿಸಲಿಗೆ ತಡವಾಗಿಯೇ ಹೋಯಿತು.

ಕ್ರಷರಿನ ಧೂಳಿನಿಂದ ಬರುವ ಸಿಲಿಕೋಸಿಸ್ಸನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು 1948ರ ಕಾರ್ಖಾನೆ ಕಾಯ್ದೆ ಪಟ್ಟಿಯಲ್ಲಿ ಹಾಕಿತ್ತು. ದವಾಖಾನೆಯ ಚೀಟಿಯ ಮೇಲೆ ಟಿ.ಬಿ. ಅಂತ ಬರೆದರೆ ಮುಗೀತು. ರೋಗವೂ ಅವನದೇ, ತಪ್ಪೂ ಅವನದೇ. ಬೀಡಿ ಸೇದತಿದ್ದ, ಕುಡೀತಿದ್ದ ಅಂತ ಮಾಲಕ ಹೇಳಿ ಕೈತೊಳಕೋತಾನ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ಪರಿಹಾರ ಕೇಳಲು ಯಾವ ಬಾಗಿಲಿಗೆ ಹೋಗಬೇಕು?

ಮಕ್ಕಳನ್ನು ಹುಬ್ಬಳ್ಳಿಯ ಮ್ಯೂಸಿಯಮ್ಮಿಗೆ ಪ್ರವಾಸ ಕರೆದೊಯ್ಯುವ ಮಾಸ್ತರರೇ, ಕರೆದೊಯ್ಯಿರಿ. ಎಂಜಿನ್ನಿನ ಮುಂದೆ ಫೋಟೋನೂ ತೆಗೆಸಿರಿ. ತಿರುಗಿ ಬಂದ ಮೇಲೆ ಒಂದು ಹಾಳೆ ಬರೆಸಿರಿ: ನಿಮ್ಮ ಮನೆಯಲ್ಲಿ ಕಲ್ಲು ಒಡೆದವರು ಯಾರು, ಯಾವ ಕ್ವಾರಿಯಲ್ಲಿ, ಎಷ್ಟು ವರ್ಷ, ಕೂಲಿ ಎಷ್ಟು, ಕೆಮ್ಮು ಯಾವಾಗ ಶುರುವಾಯಿತು. ಆ ಹಾಳೆಗಳನ್ನು ನಮಗೆ ಕಳಿಸಿರಿ. ಮನೆಯವರು ಒಪ್ಪಿದರೆ ಹೆಸರು ಹಿಡಿದೇ ಅಚ್ಚು ಹಾಕುತ್ತೇವೆ.