‘ಏನೂ ಇಲ್ಲ, ಮನೆಗೆ ಹೋಗಿ’ ಅಂದರೆ ಸಾಕೇ?

2025ರ ಜುಲೈ ತಿಂಗಳು. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಎದೆ ಹಿಡಿದುಕೊಂಡು ಕುಸಿದು ಸತ್ತರೆಂಬ ಸುದ್ದಿ ದಿನ ಬೆಳಗಾದರೆ ಪತ್ರಿಕೆಯಲ್ಲಿ, ಟಿವಿಯಲ್ಲಿ. ಆಗ ಇಲ್ಲಿ, ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಜನವೋ ಜನ. ಮೈಸೂರಿನ ಜಯದೇವದಲ್ಲೂ ಅದೇ ಪಾಡು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗಲೂ ಹೀಗೇ ಆಗಿತ್ತು. ಜಿಮ್ಮಿಗೆ ಹೋಗುವ ಹುಡುಗರೆಲ್ಲ ಎದೆ ಮುಟ್ಟಿಕೊಂಡು ಇಸಿಜಿಗೆ ನಿಂತಿದ್ದರು.

ತಪಾಸಣೆ ಮಾಡಿಸಿಕೊಳ್ಳುವುದು ತಪ್ಪಲ್ಲ ಬಿಡಿ. ಆದರೆ ಇಸಿಜಿ ತೆಗೆಸಿ, ‘ಏನೂ ಇಲ್ಲ’ ಅನ್ನಿಸಿಕೊಂಡು, ಮನೆಗೆ ಬಂದು, ಮತ್ತೆ ರಾತ್ರಿ ನಿದ್ದೆ ಬಾರದೆ ಒದ್ದಾಡುವವರ ಗತಿ ಏನು? ಇವತ್ತಿನ ಮಾತು ಅವರ ಬಗ್ಗೆ.

ಜೆ.ಪಿ. ನಗರದ ನಮ್ಮ ಪರಿಚಯದವರೊಬ್ಬರ ಕತೆ ಕೇಳಿ. ನಲವತ್ತರ ಹತ್ತಿರದ ವಯಸ್ಸು, ಬ್ಯಾಂಕಿನಲ್ಲಿ ಕೆಲಸ, ಎರಡು ಮಕ್ಕಳು, ತಲೆ ಮೇಲೆ ಮನೆ ಸಾಲ. ಒಂದು ರಾತ್ರಿ ಊಟ ಮುಗಿಸಿ ಕೂತವರಿಗೆ ಇದ್ದಕ್ಕಿದ್ದ ಹಾಗೆ ಎದೆ ಡವಡವ. ಮೈಯೆಲ್ಲ ಬೆವರು, ಕೈಕಾಲು ನಡುಕ, ಬೆರಳ ತುದಿ ಜುಮುಜುಮು, ಉಸಿರು ಸಾಲದು. ‘ಲೇ, ನಾನು ಹೋಗ್ಬಿಡ್ತೀನಿ ಕಣೇ, ಮಕ್ಕಳನ್ನ ನೋಡ್ಕೋ’ ಅಂದರಂತೆ. ಹೆಂಡತಿ ಆಟೋ ಹಿಡಿದು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಇಳಿದಿತ್ತು. ಇಸಿಜಿ ನೋಡಿದ ಡ್ಯೂಟಿ ಡಾಕ್ಟರು, ‘ಏನೂ ಇಲ್ಲ, ಗ್ಯಾಸ್ ಇರ್ಬೇಕು, ಮನೆಗೆ ಹೋಗಿ’ ಅಂದರು.

ಮೂರು ತಿಂಗಳಲ್ಲಿ ಹೀಗೆ ಐದು ಸಲ. ಎಕೋ ಆಯಿತು, ಟ್ರೆಡ್‌ಮಿಲ್ ಆಯಿತು, ಗ್ಯಾಸಿನ ಮಾತ್ರೆ ಆಯಿತು. ದೃಷ್ಟಿ ಅಂದರು ತಾಯಿ. ಹೆಂಡತಿ ರಾಹುಕಾಲದಲ್ಲಿ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದರು. ಭಾವಮೈದ ಯಾರದೋ ಕೈಲಿ ದಾರ ಕಟ್ಟಿಸಿದ. ಇವರೋ, ಬಸ್ಸು ಹತ್ತುವುದು ಬಿಟ್ಟರು, ಒಬ್ಬರೇ ಇರುವುದು ಬಿಟ್ಟರು, ಆಫೀಸಿಗೆ ರಜೆ ಮೇಲೆ ರಜೆ. ‘ಏನೂ ಇಲ್ವಂತೆ, ಸುಮ್ಮನೆ ನಾಟಕ’ ಎಂದು ನೆಂಟರು ಮಾತಾಡಿಕೊಳ್ಳುವ ತನಕ ಬಂತು.

ಕೊನೆಗೆ ಜಯನಗರದ ಒಬ್ಬ ಹಳೇ ಕಾಲದ ಡಾಕ್ಟರು ಹೇಳಿದ್ದು ಒಂದೇ ಮಾತು: ‘ನಿಮಗೆ ಏನೂ ಇಲ್ಲ ಅಂತ ನಾನು ಹೇಳಲ್ಲ. ಹೃದಯ ಚೆನ್ನಾಗಿದೆ. ನಿಮಗಿರೋದು ಬೇರೆ. ಅದಕ್ಕೆ ಹೆಸರಿದೆ, ಚಿಕಿತ್ಸೆ ಇದೆ. ನಿಮ್ಹಾನ್ಸ್‌ಗೆ ಬರ್ಕೊಡ್ತೀನಿ.’

‘ನಿಮ್ಹಾನ್ಸಾ? ನನಗೇನು ಹುಚ್ಚಾ ಡಾಕ್ಟ್ರೇ?’ ಅಂದು ನಮ್ಮವರು ಎದ್ದು ಬಂದರು. ಮತ್ತೆ ಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ದಿಗಿಲಿಗೂ ಜಾತಿಗಳುಂಟು

ಅವರಿಗೆ ಇದ್ದದ್ದು ಪ್ಯಾನಿಕ್ ಡಿಸಾರ್ಡರ್. ಕಾರಣವಿಲ್ಲದೆ ದಿಗಿಲು ನುಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ನೆತ್ತಿಗೇರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟರಲ್ಲಿ ಸತ್ತೇ ಹೋದೆ, ಇಲ್ಲವೇ ಬುದ್ಧಿ ಕೆಟ್ಟಿತು ಅನ್ನಿಸಿಬಿಡುತ್ತದೆ. ಆಮೇಲೆ ಇನ್ನೊಂದು ಸಲ ಬಂದೀತು ಎಂಬ ಭಯವೇ ದೊಡ್ಡ ಕಾಯಿಲೆ. ಹುಲಿ ಅಟ್ಟಿಸಿಕೊಂಡು ಬಂದರೆ ಓಡಲಿಕ್ಕೆಂದು ದೇಹ ಎದೆಬಡಿತ ಏರಿಸುತ್ತದೆ, ಬೆವರಿಸುತ್ತದೆ. ಇಲ್ಲಿ ಹುಲಿಯೇ ಇಲ್ಲ, ಗಂಟೆ ಮಾತ್ರ ಹೊಡೆದುಕೊಳ್ಳುತ್ತದೆ. ಕಷ್ಟ ನಾಟಕದ್ದಲ್ಲ, ನಿಜವಾದದ್ದು.

ಈ ದಿಗಿಲಿನವರು ಎಷ್ಟೋ ಸಲ ಬಸ್ಸು, ಜನಜಂಗುಳಿ, ಮಾರ್ಕೆಟ್ಟು ಎಲ್ಲ ಬಿಡುತ್ತಾರೆ. ‘ಅಲ್ಲಿ ಬಂದರೆ ತಪ್ಪಿಸಿಕೊಂಡು ಬರೋದು ಹೇಗೆ?’ ಎಂಬ ಚಿಂತೆ. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿಗೆ ಹೋಗುತ್ತಿದ್ದವರು ಗೇಟಿನ ತನಕ ಬರುವುದೂ ಕಷ್ಟವಾಗುತ್ತದೆ. ಇದಕ್ಕೆ ಅಗೋರಾಫೋಬಿಯಾ ಎಂದು ಹೆಸರು.

ಇನ್ನೊಂದು ಜಾತಿ ಸದಾ ಚಿಂತೆಯದು. ಬನಶಂಕರಿ ಎರಡನೇ ಸ್ಟೇಜಿನಲ್ಲಿ, ಪದ್ಮನಾಭನಗರದಲ್ಲಿ ಇಂಥ ಮನೆಗಳನ್ನು ಹುಡುಕಬೇಕಿಲ್ಲ. ಮಗ ಅಮೆರಿಕದಲ್ಲಿ, ಮಗಳು ಆಸ್ಟ್ರೇಲಿಯಾದಲ್ಲಿ. ಫೋನ್ ಎತ್ತದಿದ್ದರೆ ಆಕ್ಸಿಡೆಂಟ್ ಆಯಿತೇನೋ ಎಂದು ತಾಯಿಗೆ. ಫೋನ್ ಬಂದರೆ ಈ ಹೊತ್ತಿನಲ್ಲಿ ಯಾಕೆ ಮಾಡಿದ ಎಂಬ ಚಿಂತೆ. ತಾಯಿ ಅಂದಮೇಲೆ ಚಿಂತೆ ಇದ್ದದ್ದೇ. ಆದರೆ ಆರು ತಿಂಗಳು ಮೀರಿ, ದಿನವೂ, ಸಣ್ಣದಕ್ಕೂ ದೊಡ್ಡದಕ್ಕೂ ಹಿಡಿತ ತಪ್ಪಿದ ಚಿಂತೆ, ಜೊತೆಗೆ ನಿದ್ದೆಗೇಡು, ಕುತ್ತಿಗೆ ಬಿಗಿತ, ಸುಸ್ತು, ಸಿಡಿಮಿಡಿ ಇದ್ದರೆ ಅದು ಸ್ವಭಾವವಲ್ಲ, ಕಾಯಿಲೆ. ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್ ಅನ್ನುತ್ತಾರೆ.

ಮೂರನೆಯದು ನಾಲ್ಕು ಜನರ ಮುಂದಿನ ಭಯ. ಕಾಲೇಜಿನಲ್ಲಿ ಸೆಮಿನಾರ್ ದಿನ ಹುಡುಗಿಗೆ ಹೊಟ್ಟೆನೋವು. ಕ್ಯಾಂಟೀನಿನಲ್ಲಿ ಜನ ನೋಡುತ್ತಾರೆಂದು ಹುಡುಗ ಊಟವನ್ನೇ ಬಿಡುತ್ತಾನೆ. ‘ನಮ್ಮ ಮಗು ಬಹಳ ಸಾಧು’ ಎಂದು ನಾವು ಹೆಮ್ಮೆಪಡುತ್ತೇವೆ. ನಾಚಿಕೆಯೇ ಬೇರೆ, ಸೋಶಿಯಲ್ ಆಂಕ್ಸೈಟಿಯೇ ಬೇರೆ. ಇದರಿಂದ ಓದು ಬಿಟ್ಟವರು, ಕೆಲಸದ ಇಂಟರ್‌ವ್ಯೂಗೆ ಹೋಗದೆ ಮನೆಯಲ್ಲೇ ಉಳಿದವರು ಇದ್ದಾರೆ.

ಲಿಫ್ಟು, ನಾಯಿ, ಸೂಜಿ, ಎತ್ತರ ಹೀಗೆ ಒಂದೇ ವಸ್ತುವಿನ ಮೇಲಿನ ವಿಪರೀತ ಭಯ ಫೋಬಿಯಾ. ಕೈ ತೊಳೆದೂ ತೊಳೆದೂ ಸಾಲದ, ಬೀಗ ಹತ್ತು ಸಲ ಎಳೆದು ನೋಡುವ ಗೀಳನ್ನೂ ಮೊದಲು ಇದೇ ಪಟ್ಟಿಯಲ್ಲಿ ಇಡುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಬೇರೆ ಮಾಡಿತು. ಪಟ್ಟಿ ಯಾವುದಾದರೇನು, ನರಳುವವನಿಗೆ ನರಳಾಟ ಒಂದೇ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ‘ನನ್ನ ಎದೆನೋವು ಬರೀ ದಿಗಿಲು’ ಎಂದು ಮನೆಯಲ್ಲಿ ಕೂರಬೇಡಿ. ಎದೆನೋವು ಬಂತೋ, ಮೊದಲು ಆಸ್ಪತ್ರೆಗೆ ಹೋಗಬೇಕು. ಅದು ಹೃದಯವೋ ದಿಗಿಲೋ ಎಂದು ಹೇಳಬೇಕಾದವರು ಡಾಕ್ಟರು, ನಾವು ನೀವಲ್ಲ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಮ್ಮಿಯಾದರೂ ಎದೆ ಹೊಡೆದುಕೊಳ್ಳುತ್ತದೆ. ಅದನ್ನೂ ನೋಡಿಸಬೇಕು. ಅತಿಯಾದ ಕಾಫಿಯೂ ಬೆಂಕಿಗೆ ತುಪ್ಪ. ನಮ್ಮ ಜಯನಗರದವರು ಇದನ್ನು ಕ್ಷಮಿಸಬೇಕು.

ದೀಪದ ಬುಡದಲ್ಲಿ ಕತ್ತಲೆ

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಮಹಾನಗರಗಳಲ್ಲಿ ಇನ್ನೂ ಜಾಸ್ತಿ. ಆತಂಕ, ಖಿನ್ನತೆಯಂಥ ಸಾಮಾನ್ಯ ಕಾಯಿಲೆಯವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಹಳ್ಳಿಗಾಡಿನಲ್ಲಿ ಡಾಕ್ಟರಿಲ್ಲ, ಸರಿ. ದಕ್ಷಿಣ ಬೆಂಗಳೂರಿನವರಿಗೆ ಏನು ಕಾರಣ? ಹೊಸೂರು ರಸ್ತೆಯ ನಿಮ್ಹಾನ್ಸ್ ಜಯನಗರಕ್ಕೆ ಮೂಗಿನ ನೇರಕ್ಕಿದೆ. ಮೊದಲಿನ ಮೆಂಟಲ್ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾದ ಅಖಿಲ ಭಾರತ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಮಾಡಿದರು. ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಹುಚ್ಚಾಸ್ಪತ್ರೆ ಎಂಬ ಹೆಸರು ಮಾತ್ರ ನಮ್ಮ ಬಾಯಿಂದ ಹೋಗಲಿಲ್ಲ. ಜಗಳವಾದರೆ ‘ನಿಮ್ಹಾನ್ಸ್ ಕೇಸು’ ಅಂತ ಬೈತೀವಿ. ನಮ್ಮ ಮಕ್ಕಳೂ ಕಲಿತಿವೆ. ಈ ಒಂದು ತಮಾಷೆಗೆ ಎಷ್ಟು ಮನೆಯವರು ಬೆಲೆ ತೆತ್ತಿದ್ದಾರೆ ಗೊತ್ತೇ? ‘ಯಾರಾದರೂ ಗೇಟಿನ ಹತ್ತಿರ ನೋಡಿಬಿಟ್ಟರೆ ಮಗಳ ಮದುವೆ ಹೇಗೆ?’ ಎಂದು ಹೆದರಿ ಸುಮ್ಮನಿದ್ದ ತಂದೆತಾಯಿ ಈ ಬಡಾವಣೆಗಳಲ್ಲೇ ಇದ್ದಾರೆ. ಆ ಗೇಟು ಬೇಡ ಅನ್ನುವವರಿಗೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸಿನದೇ ಬೇರೆ ಕೇಂದ್ರ ತೆರೆದು ವರ್ಷಗಳಾದವು. ಎಷ್ಟು ಜನಕ್ಕೆ ಗೊತ್ತು?

ಗೊತ್ತಿಲ್ಲದವರು ಏನು ಮಾಡುತ್ತಾರೆ? ಮೆಡಿಕಲ್ ಸ್ಟೋರಿಗೆ ಹೋಗಿ, ‘ನಿದ್ದೆಗೆ ಒಂದು ಕೊಡಿ’ ಅನ್ನುತ್ತಾರೆ. ಆಲ್ಪ್ರಜೋಲಾಂ ಮಾತ್ರೆ ಚೀಟಿಯಿಲ್ಲದೆ ಮಾರಕೂಡದೆಂದು ಕಾನೂನಿದೆ. ಅದು ತಕ್ಷಣ ಹಾಯೆನಿಸುತ್ತದೆ, ಅದೇ ಅಪಾಯ. ನುಂಗುತ್ತಾ ಹೋದರೆ ಅದಿಲ್ಲದೆ ಆಗುವುದಿಲ್ಲ ಎಂಬ ಸ್ಥಿತಿ ಬರುತ್ತದೆ, ತಟ್ಟನೆ ಬಿಟ್ಟರೂ ಅಪಾಯ. ಸರಿಯಾದ ಚಿಕಿತ್ಸೆಯ ದಾರಿ ಬೇರೆ: ಡಾಕ್ಟರು ಬರೆದ ದಿನದ ಮಾತ್ರೆ, ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬಾರದು. ಅದರ ಜೊತೆ ಅಥವಾ ಅದಿಲ್ಲದೆಯೂ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಹೆದರಿಕೆಯ ಜಾಗಕ್ಕೆ ಮೆಲ್ಲಮೆಲ್ಲನೆ ಮರಳಿ ಹೋಗುವ ಅಭ್ಯಾಸ ಅದರಲ್ಲಿದೆ. ಬನಶಂಕರಿ ಅಮ್ಮನಿಗೆ ದೀಪ ಹಚ್ಚಬೇಡಿ ಅಂತ ನಾವು ಹೇಳುತ್ತಿಲ್ಲ. ದೀಪವನ್ನೂ ಹಚ್ಚಿ, ಡಾಕ್ಟರನ್ನೂ ನೋಡಿ.

ಒಂದು ರಬ್ಬರ್ ಸ್ಟಾಂಪು ಸಾಕು

ಆಸ್ಪತ್ರೆಯವರಿಗೂ ನಗರ ಪಾಲಿಕೆಯವರಿಗೂ ನಮ್ಮ ಬೇಡಿಕೆ ದೊಡ್ಡದಲ್ಲ, ಕೋಟಿಗಟ್ಟಲೆ ಬಜೆಟ್ ಬೇಡ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಶುರು ಮಾಡಿತು. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಎದೆ ಹಿಡಿದುಕೊಂಡು ಬಂದವರ ಇಸಿಜಿ ಸರಿಯಿದ್ದರೆ, ಆ ಚೀಟಿಯ ಹಿಂದೆ ಒಂದು ರಬ್ಬರ್ ಸ್ಟಾಂಪ್ ಒತ್ತಿ: ‘ನಿಮ್ಮ ಹೃದಯ ಚೆನ್ನಾಗಿದೆ. ಇದು ಆತಂಕದ ಕಾಯಿಲೆಯೂ ಇರಬಹುದು. ವಾಸಿಯಾಗುತ್ತದೆ. 14416.’ ನಮ್ಮ ಕ್ಲಿನಿಕ್‌ಗಳ ಗೋಡೆಗೂ, ಕಾಲೇಜಿನ ನೋಟಿಸ್ ಬೋರ್ಡಿಗೂ ಇದೇ ಸಾಲು ಹೋಗಲಿ. ‘ಏನೂ ಇಲ್ಲ’ ಎಂಬ ಮಾತು ಡಾಕ್ಟರ ಪಾಲಿಗೆ ಸಮಾಧಾನ, ರೋಗಿಯ ಪಾಲಿಗೆ ಅವಮಾನ. ಅದನ್ನು ಬಿಡೋಣ.

ನಮ್ಮ ಜೆ.ಪಿ. ನಗರದವರು ಈಗ ಹೇಗಿದ್ದಾರೆ ಅಂತೀರಾ? ಚಿಕಿತ್ಸೆ ನಡೆದಿದೆ. ಪೂರ್ತಿ ಗುಣವಾಯಿತು ಎಂದು ಅವರೂ ಹೇಳುವುದಿಲ್ಲ. ಒಂದೊಂದು ದಿನ ಎದೆ ಡವಡವ ಅನ್ನುತ್ತದಂತೆ. ‘ಬಂತು, ಹೋಗುತ್ತೆ’ ಅಂದುಕೊಂಡು ಕೂತಿರುತ್ತಾರಂತೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಒಬ್ಬರೇ ಹೋಗಿ ಬರುತ್ತಾರೆ. ದಾರಿಯಲ್ಲಿ ಜಯದೇವ ಆಸ್ಪತ್ರೆ ಸ್ಟೇಷನ್ ಬರುತ್ತದೆ.

‘ಮೊದಮೊದಲು ಅಲ್ಲೇ ಇಳಿದುಬಿಡೋಣ ಅನ್ಸೋದು ಸಾರ್. ಈಗ ಬಿಟಿಎಂ ಬಂದಮೇಲೇ ಗೊತ್ತಾಗೋದು, ಜಯದೇವ ದಾಟಿತು ಅಂತ’ ಅಂದರು.